ಕಂಚಿನ ನಾದ, ಕಂಚಿನ ಪೆಡಸು: ಕೊಪ್ಪಳ ಸೀಮೆಯ ಲೋಹಜ್ಞಾನಕ್ಕೊಂದು ಎಲೆಕ್ಟ್ರಾನ್ ವಿವರಣೆ

ನಮ್ಮ ಜನಪದ ವಸ್ತುಸಂಸ್ಕೃತಿಯ ಅಧ್ಯಯನಗಳಲ್ಲಿ ಪಾತ್ರೆ ಪಡಗ, ಗಂಟೆ, ಜಾಗಟೆ, ತಾಳಗಳ ಆಕಾರ, ಬಳಕೆ ಹಾಗೂ ಆಚರಣೆಯ ಸಂದರ್ಭಗಳಿಗೆ ದೊರೆತಷ್ಟು ಗಮನ ಅವುಗಳ ದ್ರವ್ಯದ ಸ್ವಭಾವಕ್ಕೆ ದೊರೆತಿಲ್ಲ. ಗಂಗಾಳವನ್ನು ಕುರಿತು ಬರೆಯುವವರು ಅದನ್ನು ಯಾವ ಶುಭಕಾರ್ಯದಲ್ಲಿ ಯಾರು ಯಾರಿಗೆ ಕೊಡುತ್ತಾರೆಂಬುದನ್ನು ವಿಸ್ತಾರವಾಗಿ ದಾಖಲಿಸುತ್ತಾರೆ. ಅದು ಕಂಚಿನದೇ ಏಕಾಗಿರಬೇಕು, ಹಿತ್ತಾಳೆಯದು ಏಕೆ ಆಗದು, ಕಂಚಾದರೆ ಅದನ್ನು ಕೆಳಗೆ ಬೀಳಿಸಬಾರದೆಂಬ ಎಚ್ಚರಿಕೆ ಏಕೆ ಎಂಬ ಪ್ರಶ್ನೆಗಳನ್ನು ‘ನಂಬಿಕೆ’ ಎಂಬ ಶೀರ್ಷಿಕೆಯಡಿ ಸೇರಿಸಿ ಮುಂದೆ ಸಾಗುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ಹಳೆಯ ನಾಲ್ಕು ತಾಲ್ಲೂಕುಗಳ ಪರಿಸರದಲ್ಲಿ ಬಳಕೆಯಲ್ಲಿರುವ ಕಂಚು, ಹಿತ್ತಾಳೆ, ಕಬ್ಬಿಣಗಳ ಬಗೆಗಿನ ತಿಳಿವಳಿಕೆಯನ್ನು ಲೋಹವಿಜ್ಞಾನದ ಒಂದು ನಿರ್ದಿಷ್ಟ ಪ್ರಶ್ನೆಯೊಡನೆ ಇಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಎರಡು ಲೋಹಗಳು ಕೂಡಿ ಆಗುವ ಸಂಯುಕ್ತವು ಬಾಗದೆ ಒಡೆಯುವುದೇಕೆ, ಮತ್ತು ಅದರೊಳಗಿನ ಎಲೆಕ್ಟ್ರಾನ್ ರಚನೆಗೂ ಈ ಒಡೆಯುವಿಕೆಗೂ ಏನು ಸಂಬಂಧ ಎಂಬುದೇ ಆ ಪ್ರಶ್ನೆ. ಇದು ಲೋಹಶಾಸ್ತ್ರಜ್ಞರ ಕ್ಷೇತ್ರವೆಂಬುದು ನಿಜ. ಆದರೆ ಕಂಚುಗಾರನ ಕೈಯ ‘ಹದ’ವನ್ನು ಅರ್ಥಮಾಡಿಕೊಳ್ಳದೆ ಅವನ ವೃತ್ತಿಪದಗಳನ್ನು ಸಂಗ್ರಹಿಸುವುದು ಬೀಜ ಬಿಟ್ಟು ಹೊಟ್ಟನ್ನು ಅಳೆದಂತೆ.

ಈ ಸೀಮೆಗೆ ಲೋಹದ ಪರಿಚಯ ಬಹಳ ಹಳೆಯದು. ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲಿ ಜನರು ‘ಮೋರ್ಯರ ಮನೆ’ಗಳೆಂದು ಕರೆಯುವ ನೂರಾರು ಶಿಲಾಸಮಾಧಿಗಳಿವೆ. ಇವು ಬೃಹತ್ ಶಿಲಾಯುಗದವು, ಅಂದರೆ ಕಬ್ಬಿಣ ಬಳಸುತ್ತಿದ್ದ ಜನರವು. ಆನೆಗೊಂದಿಗೆ ಸಮೀಪದ ಕಡೇಬಾಕಲೆಯಲ್ಲಿ 2003ರಿಂದ ನಡೆದ ಉತ್ಖನನವು ತುಂಗಭದ್ರೆಯ ಉತ್ತರ ದಡದಲ್ಲಿ ಕ್ರಿಸ್ತಪೂರ್ವ ಮೊದಲ ಸಹಸ್ರಮಾನದ ದೊಡ್ಡ ನೆಲೆಯೊಂದನ್ನು ಬೆಳಕಿಗೆ ತಂದಿತು. ಅದೇ ಕಾಲಘಟ್ಟದ ದಕ್ಷಿಣ ಭಾರತದ ಸಮಾಧಿಗಳಲ್ಲಿ, ಮುಖ್ಯವಾಗಿ ತಮಿಳುನಾಡಿನ ಆದಿಚ್ಚನಲ್ಲೂರು ಹಾಗೂ ನೀಲಗಿರಿಗಳಲ್ಲಿ, ತೆಳ್ಳನೆಯ ಕಂಚಿನ ಬಟ್ಟಲುಗಳು ದೊರೆತಿವೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ಅವರು ಇವನ್ನು ಪರೀಕ್ಷಿಸಿ, ಇವು ಎರಕದವಲ್ಲ, ಹೆಚ್ಚು ತವರ ಬೆರೆತ ಕಂಚನ್ನು ಕೆಂಪಗೆ ಕಾಸಿ ಬಡಿದು ನೀರಿನಲ್ಲಿ ಅದ್ದಿ ಮಾಡಿದವು ಎಂದು ತೋರಿಸಿದರು. ವಿದರ್ಭದ ಬೃಹತ್ ಶಿಲಾ ಸಮಾಧಿಗಳ ಕಂಚಿನಲ್ಲಿಯೂ ಇದೇ ಬಗೆಯ ಕೆಲಸ ಕಂಡುಬಂದಿದೆ. ಕೊಪ್ಪಳ ಸೀಮೆಯು ಭೌಗೋಳಿಕವಾಗಿ ಈ ಎರಡು ವಲಯಗಳ ನಡುವಣ ದಾರಿಯಲ್ಲಿದೆ ಎಂಬುದನ್ನು ಮಾತ್ರ ಇಲ್ಲಿ ಸೂಚಿಸಿ, ಇಂದಿನ ಬಳಕೆಗೆ ಬರಬಹುದು.

ಈ ಭಾಗದ ಮನೆಗಳಲ್ಲಿ ನೀರಿನ ಚರಗಿ, ತಂಬಿಗೆ, ಕೊಡಗಳು ತಾಮ್ರದವು ಇಲ್ಲವೆ ಹಿತ್ತಾಳೆಯವು. ಉಣ್ಣುವ ಗಂಗಾಳ, ಬಟ್ಟಲುಗಳು ಕಂಚಿನವು. ಸ್ಟೀಲು ಬಂದ ಮೇಲೆ ಇವೆಲ್ಲ ನಾಗಂದಿಗೆ ಏರಿವೆಯಾದರೂ ಹಿರಿಯ ಹೆಣ್ಣುಮಕ್ಕಳಿಗೆ ಇವುಗಳ ಗುಣಭೇದ ಚೆನ್ನಾಗಿ ಗೊತ್ತು. ಚರಗಿ ಕೈಜಾರಿ ಬಿದ್ದರೆ ನೆಗ್ಗುತ್ತದೆ. ಒಳಗಿನಿಂದ ಬಡಿದು ಸರಿಮಾಡಿಸಬಹುದು. ಗಂಗಾಳ ಬಿದ್ದರೆ ಬಿರುಕು ಬಿಡುತ್ತದೆ, ಇಲ್ಲವೆ ಅಂಚು ಸಿಡಿಯುತ್ತದೆ. ಅದಕ್ಕೆ ರಿಪೇರಿ ಇಲ್ಲ. ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ, ದನಿ ಉದ್ದಕ್ಕೆ ಎಳೆದರೆ ಅಪ್ಪಟ ಕಂಚು, ಬೇಗ ಸತ್ತರೆ ಬೆರಕೆ ಅಥವಾ ಒಳಗೇ ಸೀಳಿದ್ದು ಎಂದು ನಿರ್ಣಯಿಸುವುದುಂಟು. ಬಿರುಕುಬಿಟ್ಟ ಕಂಚಿನಲ್ಲಿ ಉಣ್ಣಬಾರದೆಂಬ ನಿಷೇಧವೂ ಇದೆ. ಗಾಯಕನ ದನಿಯನ್ನು ಹೊಗಳುವಾಗ ‘ಕಂಚಿನ ಕಂಠ’ ಎನ್ನುತ್ತೇವೆಯೇ ಹೊರತು ತಾಮ್ರದ ಕಂಠವೆನ್ನುವುದಿಲ್ಲ. ಕರಡಿ ಮಜಲಿನ ತಾಳ, ಗುಡಿಯ ಜಾಗಟೆ, ಭಜನೆಯ ತಾಳ ಎಲ್ಲವೂ ಕಂಚನ್ನೇ ಬೇಡುತ್ತವೆ. ಹೀಗೆ ನಾದ ಮತ್ತು ಪೆಡಸು ಎಂಬ ಎರಡು ಗುಣಗಳು ಒಂದೇ ಲೋಹದಲ್ಲಿ ಜೊತೆಯಾಗಿರುವುದನ್ನು ಜನರು ಗುರುತಿಸಿದ್ದಾರೆ. ಈ ಜೊತೆಗಾರಿಕೆ ಆಕಸ್ಮಿಕವಲ್ಲ ಎಂಬುದನ್ನು ಮುಂದೆ ನೋಡಲಿದ್ದೇವೆ.

ಪರಿಭಾಷೆಯ ಬಗ್ಗೆ ಒಂದು ಮಾತು. ಶಾಲಾ ಪಠ್ಯಗಳು ಲೋಹವನ್ನು ತಂತಿಯಾಗಿ ಎಳೆಯಬಹುದಾದ ಗುಣಕ್ಕೆ ‘ತನ್ಯತೆ’ ಎಂಬ ಪದವನ್ನು ಬಳಸುತ್ತವೆ. ಅದರ ವಿರುದ್ಧ ಗುಣಕ್ಕೆ ‘ಭಂಗುರತೆ’ ಎಂಬ ಸಂಸ್ಕೃತ ಪದವಿದೆ. ಆದರೆ ‘ಪೆಡಸು’ ಎಂಬ ಅಚ್ಚಗನ್ನಡ ಪದ ಇರುವಾಗ ನಾನು ಅದನ್ನೇ ಬಳಸುತ್ತೇನೆ. ಪೆಡಸು ಬೇರೆ, ಗಡಸು ಬೇರೆ. ಗಡಸು ಎಂದರೆ ಗೀರಲು ಒಪ್ಪದ್ದು. ಪೆಡಸು ಎಂದರೆ ಬಾಗಲು ಒಪ್ಪದೆ ಮುರಿಯುವಂಥದು. ಎರಡು ಅಥವಾ ಹೆಚ್ಚು ಲೋಹಗಳು ನಿಶ್ಚಿತ ಪ್ರಮಾಣದಲ್ಲಿ ಸೇರಿ, ತಮ್ಮದೇ ಆದ ಹೊಸ ಸ್ಫಟಿಕ ರಚನೆಯನ್ನು ಕಟ್ಟಿಕೊಂಡರೆ ಅದು ಅಂತರಲೋಹೀಯ ಸಂಯುಕ್ತ. ಒಂದು ಲೋಹದ ಮನೆಯಲ್ಲಿ ಇನ್ನೊಂದರ ಪರಮಾಣುಗಳು ಬಿಡಿಬಿಡಿಯಾಗಿ ವಾಸವಿದ್ದರೆ ಅದು ಘನದ್ರಾವಣ. ಹಿತ್ತಾಳೆಯ ಚರಗಿ ಎರಡನೆಯ ವರ್ಗಕ್ಕೆ ಸೇರಿದ್ದು. ಕಂಚಿನಲ್ಲಿ ಎರಡೂ ಬೆರೆತಿರುತ್ತವೆ. ಸಮಸ್ಯೆ ಹುಟ್ಟುವುದು ಅಲ್ಲಿಯೇ.

ಮೊದಲಿಗೆ ಲೋಹ ಬಾಗುವುದು ಹೇಗೆಂಬುದನ್ನು ತಿಳಿಯಬೇಕು. ದೊಡ್ಡ ಜಮಖಾನೆಯನ್ನು ನೆಲದ ಮೇಲೆ ಒಂದು ಗೇಣು ಸರಿಸಬೇಕಾದರೆ ಇಡಿಯಾಗಿ ಎಳೆಯುವುದು ಕಷ್ಟ. ಒಂದು ತುದಿಯಲ್ಲಿ ಸುಕ್ಕು ಎಬ್ಬಿಸಿ ಆ ಸುಕ್ಕನ್ನು ಇನ್ನೊಂದು ತುದಿಯವರೆಗೆ ನೂಕಿದರೆ ಜಮಖಾನೆ ಸರಿದಿರುತ್ತದೆ. ಸ್ಫಟಿಕದೊಳಗೆ ಪರಮಾಣುಗಳ ಪದರುಗಳು ಒಂದರ ಮೇಲೊಂದು ಜಾರುವುದೂ ಹೀಗೆಯೇ. ಆ ಸುಕ್ಕಿಗೆ ‘ಸ್ಥಾನಭ್ರಂಶ’ ಎನ್ನುತ್ತಾರೆ. 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ಬೇರೆ ಬೇರೆಯಾಗಿ ಇದನ್ನು ಸೂಚಿಸಿದರು. ಸುಕ್ಕು ಸರಾಗವಾಗಿ ಓಡಿದರೆ ಲೋಹ ತನ್ಯ. ಓಡಲಾಗದಿದ್ದರೆ ಒತ್ತಡವು ಒಂದೆಡೆ ಶೇಖರವಾಗಿ ಬಿರುಕಾಗಿ ಹೊರಬೀಳುತ್ತದೆ. ಸುಕ್ಕಿನ ಓಟವನ್ನು ನಿರ್ಧರಿಸುವ ಸಂಗತಿಗಳು ಮುಖ್ಯವಾಗಿ ಎರಡು. ಸ್ಫಟಿಕದ ಪುನರಾವರ್ತನೆಯ ಘಟಕ ಎಷ್ಟು ದೊಡ್ಡದು ಎಂಬುದು ಒಂದು, ಪರಮಾಣುಗಳ ನಡುವಿನ ಬಂಧ ಎಷ್ಟು ದಿಕ್ಕುಬದ್ಧವಾದುದು ಎಂಬುದು ಇನ್ನೊಂದು. ಈ ಎರಡರ ಹಿಂದೆಯೂ ಎಲೆಕ್ಟ್ರಾನುಗಳಿವೆ.

ತಾಮ್ರದ ಪ್ರತಿಯೊಂದು ಪರಮಾಣು ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಸಮಷ್ಟಿಗೆ ಬಿಟ್ಟುಕೊಡುತ್ತದೆ. ಅದು ಊರೊಟ್ಟಿನ ಕೆರೆಯ ನೀರಿದ್ದಂತೆ. ಯಾರೊಬ್ಬರ ಸ್ವತ್ತೂ ಅಲ್ಲ. ಪರಮಾಣುಗಳು ಸ್ವಲ್ಪ ಜಾರಿದರೂ ಆ ಸಮಷ್ಟಿಯ ಬಂಧ ಕಡಿಯುವುದಿಲ್ಲ. ತಾಮ್ರವು ಬಡಿದಂತೆ ಹರಡುವುದಕ್ಕೆ ಇದೇ ಕಾರಣ. ಸತುವಿನ ಪರಮಾಣು ಎರಡು ಎಲೆಕ್ಟ್ರಾನುಗಳನ್ನೂ ತವರದ ಪರಮಾಣು ನಾಲ್ಕನ್ನೂ ತರುತ್ತವೆ. ಆಕ್ಸ್‌ಫರ್ಡಿನ ವಿಲಿಯಂ ಹ್ಯೂಮ್-ರೋಥರಿ 1926ರಲ್ಲಿ ಒಂದು ಸರಳ ಲೆಕ್ಕವನ್ನು ಮುಂದಿಟ್ಟನು. ಸಂಯುಕ್ತದಲ್ಲಿರುವ ಒಟ್ಟು ಹೊರ ಎಲೆಕ್ಟ್ರಾನುಗಳನ್ನು ಒಟ್ಟು ಪರಮಾಣುಗಳಿಂದ ಭಾಗಿಸಬೇಕು. ಭಾಗಲಬ್ಧ ಒಂದೇ ಆಗಿದ್ದರೆ, ಲೋಹಗಳು ಬೇರೆಯಾದರೂ, ಸ್ಫಟಿಕ ರಚನೆ ಒಂದೇ ಬಗೆಯದಾಗಿರುತ್ತದೆ.

ಈ ಲೆಕ್ಕವನ್ನು ಓದುಗರು ಸ್ವತಃ ಮಾಡಿ ನೋಡಬಹುದು. ಒಂದು ತಾಮ್ರ, ಒಂದು ಸತು ಸೇರಿದ ಹಿತ್ತಾಳೆಯ ಸಂಯುಕ್ತದಲ್ಲಿ ಎರಡು ಪರಮಾಣುಗಳಿಗೆ ಮೂರು ಎಲೆಕ್ಟ್ರಾನು, ಅಂದರೆ 3/2. ಐದು ತಾಮ್ರ, ಒಂದು ತವರ ಸೇರಿದ ಕಂಚಿನ ಸಂಯುಕ್ತದಲ್ಲಿ ಆರು ಪರಮಾಣುಗಳಿಗೆ ಒಂಬತ್ತು ಎಲೆಕ್ಟ್ರಾನು, ಇದೂ 3/2. ಎರಡರ ರಚನೆಯೂ ಘನದ ಎಂಟು ಮೂಲೆಗಳಲ್ಲಿ ಮತ್ತು ನಟ್ಟನಡುವೆ ಪರಮಾಣುಗಳಿರುವ ಸರಳ ರಚನೆ. ಲೋಹಶಾಸ್ತ್ರ ಇದನ್ನು ‘ಬೀಟಾ’ ಎನ್ನುತ್ತದೆ. ಇನ್ನು ಐದು ತಾಮ್ರ, ಎಂಟು ಸತುವಿನ ಸಂಯುಕ್ತದಲ್ಲಿ ಹದಿಮೂರು ಪರಮಾಣುಗಳಿಗೆ ಇಪ್ಪತ್ತೊಂದು ಎಲೆಕ್ಟ್ರಾನು, 21/13. ಮೂವತ್ತೊಂದು ತಾಮ್ರ, ಎಂಟು ತವರದ ಸಂಯುಕ್ತದಲ್ಲಿ 39 ಪರಮಾಣುಗಳಿಗೆ 63 ಎಲೆಕ್ಟ್ರಾನು. ಮೂರರಿಂದ ಭಾಗಿಸಿದರೆ ಮತ್ತೆ 21/13. ಈ ಎರಡನೆಯ ಜೋಡಿಯ ರಚನೆ ಬಹಳ ಜಟಿಲವಾದುದು. ಹಿತ್ತಾಳೆಯಲ್ಲಿ ಅದರ ಒಂದು ಘಟಕಕ್ಕೆ 52 ಪರಮಾಣುಗಳು ಬೇಕು. ಕಂಚಿನಲ್ಲಿ ಅದರ ಎಂಟರಷ್ಟು, ಅಂದರೆ 416 ಪರಮಾಣುಗಳು. ಕಂಚಿನ ಈ ಸಂಯುಕ್ತಕ್ಕೆ ‘ಡೆಲ್ಟಾ’ ಎಂದು ಹೆಸರು. ಗಂಗಾಳವನ್ನು ಒಡೆಯುವ ಖಳನಾಯಕ ಇವನೇ. ಹ್ಯೂಮ್-ರೋಥರಿಯು 1917ರಲ್ಲಿ ಮಿದುಳುಪೊರೆಯ ಜ್ವರದಿಂದ ಶ್ರವಣಶಕ್ತಿಯನ್ನು ಸಂಪೂರ್ಣವಾಗಿ ಕಳೆದುಕೊಂಡವನು. ಗಂಟೆಯ ಲೋಹದ ಗುಟ್ಟನ್ನು ಬಿಡಿಸಿದವನಿಗೆ ಗಂಟೆಯ ದನಿ ಕೇಳಿಸುತ್ತಿರಲಿಲ್ಲ.

ಎಲೆಕ್ಟ್ರಾನುಗಳ ಸಂಖ್ಯೆ ರಚನೆಯನ್ನು ನಿರ್ಧರಿಸುವುದಾದರೂ ಏಕೆ? 1930ರ ದಶಕದಲ್ಲಿ ಹ್ಯಾರಿ ಜೋನ್ಸ್ ಕೊಟ್ಟ ವಿವರಣೆಯನ್ನು ಗಂಗಾವತಿಯ ಭತ್ತದ ಗದ್ದೆಯ ಹೋಲಿಕೆಯಿಂದ ಗ್ರಹಿಸಬಹುದು. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಒಂದು ಮಡಿಗೆ ನೀರು ಬಿಟ್ಟರೆ ಅದು ಮೊದಲು ತಗ್ಗಿನಲ್ಲಿ ಹರಡಿ ಕ್ರಮೇಣ ಬದುವಿನವರೆಗೆ ತುಂಬುತ್ತದೆ. ಬದು ಮುಟ್ಟಿದ ಮೇಲೆ ಇನ್ನಷ್ಟು ನೀರು ಹಿಡಿಸಬೇಕಾದರೆ ಮೇಲಿನ ಮಡಿಗೆ ಏರಬೇಕು, ಅದಕ್ಕೆ ಶ್ರಮ ಹೆಚ್ಚು. ಎಲೆಕ್ಟ್ರಾನುಗಳೂ ಕಡಿಮೆ ಶಕ್ತಿಯ ಸ್ಥಾನಗಳಿಂದ ಮೇಲಕ್ಕೆ ತುಂಬಿಕೊಳ್ಳುತ್ತ ಹೋಗುತ್ತವೆ. ಸ್ಫಟಿಕದ ಆಕಾರವೇ ಅವಕ್ಕೆ ಬದು ಕಟ್ಟುತ್ತದೆ. ತಾಮ್ರದ ಮಡಿಯು ಪರಮಾಣುವಿಗೆ ಸುಮಾರು 1.4 ಎಲೆಕ್ಟ್ರಾನಿನ ಆಸುಪಾಸಿನವರೆಗೆ ತಾಳಿಕೊಳ್ಳುತ್ತದೆ. ಹೆಚ್ಚಾದರೆ ಇಡೀ ಸ್ಫಟಿಕವು ಬೇರೆ ಅಳತೆಯ ಮಡಿಗೆ, ಅಂದರೆ ಬೇರೆ ರಚನೆಗೆ, ಹೊರಳುವುದೇ ಅಗ್ಗವಾಗುತ್ತದೆ. ತವರದ ಪರಮಾಣು ಗಾತ್ರದಲ್ಲಿ ತಾಮ್ರಕ್ಕಿಂತ ಸಾಕಷ್ಟು ದೊಡ್ಡದಾದ್ದರಿಂದ ಕಂಚಿನಲ್ಲಿ ಈ ಹೊರಳುವಿಕೆ ಇನ್ನೂ ಬೇಗ, 1.27ರಷ್ಟಕ್ಕೇ ಆಗುತ್ತದೆ. ತೂಕದ ಲೆಕ್ಕದಲ್ಲಿ ಹೇಳುವುದಾದರೆ ತಾಮ್ರವು ಸುಮಾರು ಶೇ. 16ರವರೆಗೆ ಮಾತ್ರ ತವರವನ್ನು ತನ್ನೊಳಗೆ ಕರಗಿಸಿಕೊಳ್ಳಬಲ್ಲದು, ಸತುವನ್ನಾದರೋ ಶೇ. 38ರಷ್ಟು ಕರಗಿಸಿಕೊಳ್ಳುತ್ತದೆ. ಚರಗಿ ನೆಗ್ಗುವುದಕ್ಕೂ ಗಂಗಾಳ ಒಡೆಯುವುದಕ್ಕೂ ಇರುವ ಅಂತರದ ಮೂಲ ಇದು. (ಜೋನ್ಸನ ಚಿತ್ರ ಅತಿ ಸರಳವಾದುದೆಂದು 1957ರಲ್ಲಿ ಪಿಪ್ಪಾರ್ಡ್ ತಾಮ್ರದ ಎಲೆಕ್ಟ್ರಾನ್ ಮೇಲ್ಮೈಯನ್ನು ಅಳೆದಾಗ ಗೊತ್ತಾಯಿತು. ಶುದ್ಧ ತಾಮ್ರದಲ್ಲಿಯೇ ನೀರು ಕೆಲವೆಡೆ ಬದುವನ್ನು ಮುಟ್ಟಿರುತ್ತದೆ. ವಿವರಗಳು ತಿದ್ದಲ್ಪಟ್ಟರೂ ಲೆಕ್ಕದ ಚೌಕಟ್ಟು ನಿಂತಿದೆ.)

ಡೆಲ್ಟಾ ಸಂಯುಕ್ತದಲ್ಲಿ ನೀರು ಏಕಕಾಲಕ್ಕೆ ಅನೇಕ ಬದುಗಳನ್ನು ಅಂಚಿಗಂಚು ಮುಟ್ಟಿರುತ್ತದೆ. ಆದ್ದರಿಂದ ಆ ರಚನೆ ಶಕ್ತಿಯ ದೃಷ್ಟಿಯಿಂದ ಬಹಳ ಲಾಭದಾಯಕ, ಹಾಗೆಯೇ ಬಹಳ ಬಿಗುಮಾನದ್ದು. ಒಂದು ಪದರು ಜಾರಿ ಆ ಹೊಂದಾಣಿಕೆ ಕೆಟ್ಟರೆ ತೆರಬೇಕಾದ ಬೆಲೆ ದೊಡ್ಡದು. ಜೊತೆಗೆ 416 ಪರಮಾಣುಗಳ ಘಟಕದಲ್ಲಿ ಸುಕ್ಕೊಂದು ಒಂದು ಹೆಜ್ಜೆ ಇಟ್ಟು ಮತ್ತೆ ಮೊದಲಿನಂಥದೇ ನೆಲ ಕಾಣಬೇಕಾದರೆ ಬಲು ದೂರ ಜಿಗಿಯಬೇಕು. ಜಿಗಿಯಲಾಗದೆ ಅದು ನಿಂತಲ್ಲೇ ನಿಲ್ಲುತ್ತದೆ. ಬಿದ್ದ ಗಂಗಾಳದಲ್ಲಿ ಪೆಟ್ಟಿನ ಶಕ್ತಿಯನ್ನು ನುಂಗಿಕೊಳ್ಳುವ ದಾರಿಯೇ ಇಲ್ಲದಿರುವುದರಿಂದ ಬಿರುಕು ಡೆಲ್ಟಾದ ಹಾದಿ ಹಿಡಿದು ಓಡುತ್ತದೆ.

ಇಷ್ಟು ತಿಳಿದ ಮೇಲೆ ಕುಲುಮೆಗೆ ಬರೋಣ. ‘ರಸರತ್ನಸಮುಚ್ಚಯ’ವು ಎಂಟು ಭಾಗ ತಾಮ್ರಕ್ಕೆ ಎರಡು ಭಾಗ ತವರವನ್ನು ಕಾಂಸ್ಯದ ಪ್ರಮಾಣವಾಗಿ ಹೇಳುತ್ತದೆ, ಅಂದರೆ ಶೇ. 20. ಕೇರಳದ ಕಮ್ಮಾಳರ ಬಡಿದ ಕಂಚಿನ ಪಾತ್ರೆಗಳಲ್ಲಿ ತವರವು ಶೇ. 22-23ರಷ್ಟಿರುವುದನ್ನು ಶಾರದಾ ಶ್ರೀನಿವಾಸನ್ ದಾಖಲಿಸಿದ್ದಾರೆ. ಇಷ್ಟು ತವರವಿರುವ ಕಂಚನ್ನು ತಣ್ಣಗಿರುವಾಗ ಬಡಿದರೆ ಒಡೆಯುತ್ತದೆ. ಆದರೆ ಸುಮಾರು 586ರಿಂದ 798 ಡಿಗ್ರಿ ಸೆಲ್ಸಿಯಸ್‌ವರೆಗಿನ ತಾಪದಲ್ಲಿ ಅದರೊಳಗೆ ಡೆಲ್ಟಾ ಇರುವುದೇ ಇಲ್ಲ. ಆಗ ಇರುವುದು ಬೀಟಾ, ಸರಳ ರಚನೆಯದು, ಸುಕ್ಕುಗಳಿಗೆ ದಾರಿ ಬಿಡುವಂಥದು. ಈ ತಾಪವಲಯವು ಮಂದಗೆಂಪಿನಿಂದ ಹೊಳೆವ ಕೆಂಪಿನವರೆಗಿನ ಬಣ್ಣಗಳಿಗೆ ಸರಿಹೊಂದುತ್ತದೆ. ಬಣ್ಣ ಇಳಿಯಿತೆಂದರೆ ಕೈ ತಡೆದು ಮತ್ತೆ ಬೆಂಕಿಗೆ ಇಡಬೇಕು. ಕೊನೆಯ ಆಕಾರ ಬಂದ ಮೇಲೆ ಪಾತ್ರೆಯನ್ನು ತಾನಾಗಿ ಆರಲು ಬಿಟ್ಟರೆ 520 ಡಿಗ್ರಿಯ ಕೆಳಗೆ ಡೆಲ್ಟಾ ಹುಟ್ಟಿ ಅಷ್ಟೂ ಕೆಲಸ ಹಾಳು. ಆದ್ದರಿಂದ ಕೆಂಪಗಿರುವಾಗಲೇ ನೀರಿನಲ್ಲಿ ಅದ್ದಬೇಕು. ಡೆಲ್ಟಾ ಹುಟ್ಟಲು ತಾಮ್ರ ಮತ್ತು ತವರದ ಪರಮಾಣುಗಳು ಅಲೆದು ತಂತಮ್ಮ ಸ್ಥಾನ ಹುಡುಕಿಕೊಳ್ಳಬೇಕು. ನೀರು ಆ ಸಮಯವನ್ನು ಕೊಡುವುದಿಲ್ಲ. ಬೀಟಾ ಸ್ವಲ್ಪ ಮಾರ್ಪಟ್ಟು ಸೂಜಿಯಾಕಾರದ ಒಳರಚನೆಯಾಗಿ ಉಳಿದುಬಿಡುತ್ತದೆ. ಹೀಗೆ ಸಿದ್ಧವಾದ ಪಾತ್ರೆ ತಾಮ್ರದಷ್ಟು ಮೆದುವಲ್ಲದಿದ್ದರೂ ದಿನಬಳಕೆಗೆ ಸಾಕಷ್ಟು ಗಟ್ಟಿ.

ಇಲ್ಲಿಯೇ ನಮ್ಮ ಅಧ್ಯಯನಗಳು ಗಮನಿಸದೆ ಬಿಟ್ಟಿರುವ ಒಂದು ಮುಖ್ಯ ಸಂಗತಿ ಇದೆ. ಪಾಂಚಾಳ ಪರಂಪರೆಯಲ್ಲಿ ಕಬ್ಬಿಣವು ಮನುವಿಗೆ, ಕಂಚು ತಾಮ್ರಗಳು ತ್ವಷ್ಟೃವಿಗೆ ಸೇರಿದವು. ಕಮ್ಮಾರ, ಕಂಚುಗಾರರಿಬ್ಬರದೂ ಒಂದೇ ಬಗೆಯ ಕುಲುಮೆ, ತಿದಿ, ಇಕ್ಕಳ, ಅಡಿಗಲ್ಲು, ಮಗ್ಗುಲಲ್ಲಿ ಒಂದು ನೀರಿನ ತೊಟ್ಟಿ. ಆದರೆ ಆ ನೀರು ಇಬ್ಬರ ಲೋಹಕ್ಕೆ ತದ್ವಿರುದ್ಧ ಗುಣವನ್ನು ಕೊಡುತ್ತದೆ. ಕಾದ ಉಕ್ಕನ್ನು ನೀರಿಗೆ ಅದ್ದಿದರೆ ಅದು ಗಡಸಾಗಿ ಪೆಡಸಾಗುತ್ತದೆ. ಕೊಡಲಿ, ಕುಡಗೋಲಿನ ಅಂಚಿಗೆ ಆ ಗಡಸು ಬೇಕಾದರೂ ಪೆಡಸನ್ನು ಇಳಿಸಲು ಮತ್ತೆ ಹದವಾಗಿ ಕಾಸಬೇಕು. ಮೆದುಮಾಡಬೇಕಾದರೆ ಬೂದಿಯಲ್ಲಿ ಹುಗಿದು ನಿಧಾನ ಆರಿಸಬೇಕು. ಕಾದ ಕಂಚನ್ನು ನೀರಿಗೆ ಅದ್ದಿದರೆ ಪೆಡಸು ತಗ್ಗುತ್ತದೆ. ನಿಧಾನ ಆರಿಸಿದರೆ ಪೆಡಸು ಏರುತ್ತದೆ. ಪಕ್ಕದ ಕುಲುಮೆಯನ್ನು ನೋಡಿ ಕಣ್ಣುಮುಚ್ಚಿ ಅನುಕರಿಸಿದ ಕಂಚುಗಾರನಿಗೆ ಒಂದು ಗಂಗಾಳವನ್ನೂ ಮಾಡಲಾಗುತ್ತಿರಲಿಲ್ಲ. ಹದ ಎಂಬ ಒಂದೇ ಪದವನ್ನು ಇಬ್ಬರೂ ಬಳಸುತ್ತಾರಾದರೂ ಅದರ ಒಳಗಿನ ನಿಯಮ ಬೇರೆ ಬೇರೆ. ವೃತ್ತಿಪದಕೋಶವೊಂದು ‘ಹದ’ಕ್ಕೆ ‘ಲೋಹವನ್ನು ಕಾಸಿ ನೀರಿನಲ್ಲಿ ಅದ್ದಿ ಗಡಸುಗೊಳಿಸುವುದು’ ಎಂಬಷ್ಟೇ ಅರ್ಥ ಕೊಟ್ಟರೆ ಅದು ಕಮ್ಮಾರನ ಅರ್ಥವನ್ನು ಕಂಚುಗಾರನ ಬಾಯಿಗೆ ಹಾಕಿದಂತೆ.

ಈಗ ನಾದದ ವಿಚಾರ. ಬಡಿದ ವಸ್ತು ಬಹಳ ಹೊತ್ತು ಮೊಳಗಬೇಕಾದರೆ ಅದರ ಕಂಪನದ ಶಕ್ತಿ ಒಳಗೇ ಸೋರಿಹೋಗಬಾರದು. ಮೆದು ಲೋಹಗಳಲ್ಲಿ ಸುಕ್ಕುಗಳು ಕಂಪನಕ್ಕೆ ತಕ್ಕಂತೆ ಅತ್ತಿತ್ತ ಅಲುಗಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತವೆ. ಸೀಸದ ತುಂಡನ್ನು ಬಡಿದರೆ ‘ದಪ್’ ಎನ್ನುವುದು ಅದಕ್ಕೇ. ಹೆಚ್ಚು ತವರದ ಕಂಚಿನಲ್ಲಿ ಸುಕ್ಕುಗಳು ಅಲುಗುವುದಿಲ್ಲವಾದ್ದರಿಂದ ಶಕ್ತಿ ಸೋರುವುದಿಲ್ಲ, ದನಿ ಎಳೆಯುತ್ತದೆ. ಹೀಗಾಗಿ ನಾದವೂ ಪೆಡಸೂ ಒಂದೇ ಕಾರಣದ ಎರಡು ಪರಿಣಾಮಗಳು. ಎರಕದ ಗಂಟೆಯಲ್ಲಿ ಡೆಲ್ಟಾ ಇದ್ದರೂ ನಡೆಯುತ್ತದೆ, ಏಕೆಂದರೆ ಗಂಟೆಯ ಗೋಡೆ ದಪ್ಪ, ಅದು ನೆಲಕ್ಕೆ ಬೀಳುವ ವಸ್ತುವಲ್ಲ. ತೆಳ್ಳನೆಯ ತಾಳ, ಗಂಗಾಳಗಳಿಗೆ ಆ ಸೌಲಭ್ಯವಿಲ್ಲ. ಗೆಣ್ಣಿನಿಂದ ಬಡಿದು ದನಿ ಕೇಳಿ ಕಂಚನ್ನು ಪರೀಕ್ಷಿಸುವ ಹಿರಿಯರ ಪದ್ಧತಿಯು ತವರದ ಪ್ರಮಾಣ ಮತ್ತು ಒಳಬಿರುಕು ಎರಡನ್ನೂ ಒಂದೇ ಪೆಟ್ಟಿಗೆ ಅಳೆಯುವ ಪರೀಕ್ಷೆಯಾಗಿದೆ. ಹಿರೇಬೆಣಕಲ್ಲಿನ ಗುಡ್ಡದ ಮೇಲಿನ ಕಲ್ಲಿನ ನಗಾರಿಯನ್ನು ಬಡಿದಾಗ ದೂರದವರೆಗೆ ದನಿ ಕೇಳುವುದಕ್ಕೂ ಇದಕ್ಕೂ ದೂರದ ನಂಟಿದೆ. ಕಲ್ಲಿನ ಬಂಧಗಳು ಪೂರ್ಣ ದಿಕ್ಕುಬದ್ಧವಾದವು. ಅಲ್ಲಿ ಜಾರುವಿಕೆ ಎಂಬುದೇ ಇಲ್ಲ.

ಡೆಲ್ಟಾವನ್ನು ತಪ್ಪಿಸುವ ಬದಲು ಅದನ್ನೇ ಬಯಸಿ ಮಾಡಿದ ವಸ್ತುವೂ ಒಂದುಂಟು. ಕೇರಳದ ಆರನ್ಮುಳದ ಲೋಹದ ಕನ್ನಡಿಯಲ್ಲಿ ತವರವು ಶೇ. 33ರ ಆಸುಪಾಸಿನಲ್ಲಿದೆ. ಶುದ್ಧ ಡೆಲ್ಟಾದಲ್ಲಿ ಇರಬೇಕಾದ ಪ್ರಮಾಣವೂ ಹೆಚ್ಚುಕಡಿಮೆ ಅದೇ. ಅತಿ ಗಡಸಾದ್ದರಿಂದ ಗೀರು ಬೀಳದಂತೆ ಉಜ್ಜಬಹುದು, ಬೆಳ್ಳಗಿರುವುದರಿಂದ ಬಿಂಬ ಸ್ವಚ್ಛ. ಕೈಜಾರಿದರೆ ಗಾಜಿನಂತೆ ಚೂರಾಗುತ್ತದೆ. ಅದನ್ನು ಅಲ್ಲಿಯೂ ‘ಕಣ್ಣಾಡಿ’ ಎಂದೇ ಕರೆಯುವುದರಿಂದ ಕನ್ನಡಿಗರಿಗೆ ಪದ ಅಪರಿಚಿತವಲ್ಲ.

ಕಬ್ಬಿಣದ ಪ್ರಸ್ತಾಪವನ್ನು ಸಂಕ್ಷೇಪವಾಗಿ ಮುಗಿಸಬಹುದು. ಮೂರು ಕಬ್ಬಿಣಕ್ಕೆ ಒಂದು ಇಂಗಾಲ ಸೇರಿದ ಸಿಮೆಂಟೈಟ್ ಎಂಬ ಸಂಯುಕ್ತ, ಇಂಗಾಲ ಅಲೋಹವಾದ್ದರಿಂದ, ಕಟ್ಟುನಿಟ್ಟಾದ ಅರ್ಥದಲ್ಲಿ ಅಂತರಲೋಹೀಯವಲ್ಲ. ನಡತೆಯಲ್ಲಿ ಮಾತ್ರ ಹಾಗೆಯೇ. ಇಂಗಾಲದ ಎಲೆಕ್ಟ್ರಾನುಗಳು ಕಬ್ಬಿಣದ ಒಳಕವಚದ ಎಲೆಕ್ಟ್ರಾನುಗಳೊಡನೆ ದಿಕ್ಕುಬದ್ಧ ಬಂಧ ಕಟ್ಟುವುದರಿಂದ ಅದು ಗಡಸು ಮತ್ತು ಪೆಡಸು. ಕೊಪ್ಪಳದ ಬೇವಿನಹಳ್ಳಿಯ ಕಾರ್ಖಾನೆಯಲ್ಲಿ ಇಂದು ತಯಾರಾಗುವ ಬೂದು ಎರಕದಲ್ಲಿ ಸಿಲಿಕಾನನ್ನು ಇಟ್ಟು ಇಂಗಾಲವು ಸಿಮೆಂಟೈಟ್ ಆಗದೆ ಗ್ರಾಫೈಟ್ ಹಾಳೆಗಳಾಗುವಂತೆ ನೋಡಿಕೊಳ್ಳುತ್ತಾರೆ. ಪೆಡಸು ಸಂಯುಕ್ತವನ್ನು ಹುಟ್ಟಗೊಡದಿರುವ ಉಪಾಯ ಎರಡೂ ಕಡೆ ಒಂದೇ; ಒಂದೆಡೆ ನೀರು, ಇನ್ನೊಂದೆಡೆ ಸಿಲಿಕಾನ್.

ಆಧುನಿಕ ಲೋಹಶಾಸ್ತ್ರಕ್ಕೂ ಈ ಪ್ರಶ್ನೆ ಹಳತಾಗಿಲ್ಲ. ವಿಮಾನದ ಎಂಜಿನ್ನಿಗೆ ಹಗುರವೂ ಶಾಖ ತಾಳುವಂಥದೂ ಆದ ಲೋಹ ಬೇಕು. ಟೈಟೇನಿಯಂ-ಅಲ್ಯುಮಿನಿಯಂ ಸಂಯುಕ್ತಗಳು ಇದಕ್ಕೆ ಒದಗುತ್ತವೆ, ಆದರೆ ಅವೂ ಪೆಡಸು. 1988ರಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಸಂಶೋಧನಾ ಪ್ರಯೋಗಾಲಯದಲ್ಲಿ ದೀಪಂಕರ್ ಬ್ಯಾನರ್ಜಿ ಮತ್ತು ಸಂಗಡಿಗರು ನಿಯೋಬಿಯಂ ಬೆರೆಸಿದಾಗ ಹುಟ್ಟುವ ಹೊಸ ರಚನೆಯೊಂದನ್ನು ಕಂಡುಹಿಡಿದರು. ಎರಡು ಟೈಟೇನಿಯಂ, ಒಂದು ಅಲ್ಯುಮಿನಿಯಂ, ಒಂದು ನಿಯೋಬಿಯಂನ ಈ ಸಂಯುಕ್ತವು ತನ್ನ ಪೂರ್ವಜರಿಗಿಂತ ಹೆಚ್ಚು ತನ್ಯವಾದುದು. ಬ್ಯಾನರ್ಜಿಯವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದ ಏಮ್ಸ್ ಪ್ರಯೋಗಾಲಯದವರು 2003ರಲ್ಲಿ ಇಟ್ರಿಯಂ-ಬೆಳ್ಳಿಯಂಥ ಒಂದಕ್ಕೊಂದು ಪ್ರಮಾಣದ ಸಂಯುಕ್ತಗಳು ಕೋಣೆಯ ತಾಪದಲ್ಲಿಯೇ ಹಿಗ್ಗುತ್ತವೆಂದು ತೋರಿಸಿದರು. ಸಂಯುಕ್ತವಾದ ಮಾತ್ರಕ್ಕೆ ಪೆಡಸಾಗಬೇಕಿಲ್ಲ, ಎಲೆಕ್ಟ್ರಾನುಗಳ ಹಂಚಿಕೆ ದಿಕ್ಕುಬದ್ಧವಾಗದಿದ್ದರೆ ತನ್ಯತೆ ಉಳಿಯಬಹುದೆಂಬುದು ಇದರಿಂದ ಸ್ಪಷ್ಟವಾಯಿತು.

ಎಲ್ಲಕ್ಕೂ ಎಲೆಕ್ಟ್ರಾನನ್ನೇ ಹೊಣೆ ಮಾಡುವುದೂ ಸರಿಯಲ್ಲ. ಮೂರು ನಿಕಲ್, ಒಂದು ಅಲ್ಯುಮಿನಿಯಂನ ಸಂಯುಕ್ತವು ಒಂದೇ ಹರಳಾಗಿದ್ದರೆ ಬಾಗುತ್ತದೆ, ಅನೇಕ ಹರಳುಗಳ ಗುಂಪಾಗಿದ್ದರೆ ಒಡೆಯುತ್ತದೆ. 1979ರಲ್ಲಿ ಜಪಾನಿನ ಅಯೋಕಿ ಮತ್ತು ಇಜುಮಿ ಅವರು ಚಿಟಿಕೆಯಷ್ಟು ಬೋರಾನ್ ಬೆರೆಸಿ ಅದನ್ನು ತನ್ಯಗೊಳಿಸಿದರು. ಅದರ ಪೆಡಸಿಗೆ ಬಹುಮಟ್ಟಿಗೆ ಗಾಳಿಯಲ್ಲಿನ ತೇವವೇ ಕಾರಣವೆಂಬುದು ಅನಂತರ ತಿಳಿದುಬಂತು. ಗಂಗಾಳದ ವಿಷಯದಲ್ಲಿಯೂ ಎರಕದಲ್ಲಿ ಉಳಿದ ಗುಳ್ಳೆ, ಬಡಿತದ ಅಸಮತೆ, ಬೆರಕೆಯ ಸೀಸ ಇವೆಲ್ಲ ತಮ್ಮ ಪಾಲನ್ನು ಸಲ್ಲಿಸುತ್ತವೆ.

ಈ ವಿವರಣೆಯನ್ನು ಜಾನಪದ ಅಧ್ಯಯನವು ಹೇಗೆ ಸ್ವೀಕರಿಸಬೇಕು ಎಂಬಲ್ಲಿ ಎರಡು ಅತಿರೇಕಗಳು ಎದುರಾಗುತ್ತವೆ. ಒಂದು, ನಮ್ಮ ಪೂರ್ವಿಕರಿಗೆ ಪರಮಾಣು ವಿಜ್ಞಾನವೆಲ್ಲ ಗೊತ್ತಿತ್ತೆನ್ನುವುದು. ವೇದಿಕೆಯ ಭಾಷಣಗಳಲ್ಲಿ ಇದು ಈಚೆಗೆ ಹೆಚ್ಚಾಗಿದೆ. ಇದಕ್ಕೆ ಆಧಾರವಿಲ್ಲ, ಮೇಲಾಗಿ ಇದು ಕಂಚುಗಾರನ ನಿಜವಾದ ಸಾಧನೆಯನ್ನು ಅವನಿಂದ ಕಸಿದು ಕಲ್ಪಿತ ಋಷಿಯೊಬ್ಬನ ಹೆಸರಿಗೆ ಬರೆಯುತ್ತದೆ. ಇನ್ನೊಂದು, ಅವನದು ಬರೀ ಕೈವಾಡಿಕೆ, ತಿಳಿವಳಿಕೆಯಲ್ಲ ಎನ್ನುವುದು. ವಿದ್ಯಾವಂತರ ನಡುವೆ ಇದೇ ಹೆಚ್ಚು, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಹಾನಿಕರ. ಕಬ್ಬಿಣಕ್ಕೂ ಕಂಚಿಗೂ ನೀರಿನ ನಿಯಮವನ್ನು ತಿರುವುಮುರುವಾಗಿ ಇರಿಸಿಕೊಂಡು, ತವರದ ಪ್ರಮಾಣವನ್ನು ಶೇ. 22-23ರ ಕಿರಿದಾದ ಪಟ್ಟಿಯೊಳಗೆ ಹಿಡಿದು, ಬಡಿತವನ್ನು ಬಣ್ಣದಿಂದ ಅಳೆದವರು ಕಾರಣ-ಕಾರ್ಯಗಳನ್ನು ಬಿಡಿಸಿ ನೋಡಿದವರೇ ಹೌದು. ಅವರಿಗೆ ಗೊತ್ತಿರದಿದ್ದುದು ‘ಏಕೆ’; ‘ಯಾವಾಗ, ಎಷ್ಟು, ಏನಾದರೆ ಏನು’ ಎಂಬುದೆಲ್ಲ ಅವರಿಗೆ ಗೊತ್ತಿತ್ತು. 1926ರವರೆಗೆ ಯೂರೋಪಿನ ಗಂಟೆ ಎರಕದವರ ಸ್ಥಿತಿಯೂ ಇದಕ್ಕಿಂತ ಭಿನ್ನವಾಗಿರಲಿಲ್ಲ.

ಕ್ಷೇತ್ರಕಾರ್ಯಕ್ಕೆ ಹೊರಡುವವರು ಈ ದೃಷ್ಟಿಯಿಂದ ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಆಗುತ್ತವೆ. ಕುಲುಮೆಯ ಕೆಂಪಿಗೆ ಎಷ್ಟು ಹೆಸರುಗಳಿವೆ, ಯಾವ ಕೆಂಪಿನಲ್ಲಿ ಕೈ ತಡೆಯುತ್ತಾರೆ, ಹಗಲಿನಲ್ಲಿ ಬಣ್ಣ ನೋಡಲು ಕುಲುಮೆಯನ್ನು ಎಷ್ಟು ಕತ್ತಲಾಗಿಡುತ್ತಾರೆ, ನೀರಿಗೆ ಅಂಚು ಮೊದಲೋ ತಳ ಮೊದಲೋ, ನೀರು ಬಿಸಿಯಾದರೆ ಬದಲಿಸುತ್ತಾರೋ ಇಲ್ಲವೋ, ತವರ ಹೆಚ್ಚಾಯಿತೆಂಬುದನ್ನು ಮುರಿದ ಮೈಯ ಬಣ್ಣದಿಂದ ತಿಳಿಯುತ್ತಾರೋ ದನಿಯಿಂದಲೋ. ಇವುಗಳ ಉತ್ತರ ಧ್ವನಿಮುದ್ರಣದಲ್ಲಷ್ಟೇ ಸಿಗುವುದಿಲ್ಲ. ವಸ್ತುವೂ ಜೊತೆಗೆ ಬೇಕು. ಬಿರುಕುಬಿಟ್ಟ ಗಂಗಾಳಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿ ಕರಗುತ್ತಿವೆ. ಕರಗಿದ ಮೇಲೆ ತವರದ ಪ್ರಮಾಣವನ್ನು ಊಹಿಸಬಹುದು, ಆದರೆ ಅದು ಬಡಿದದ್ದೋ ಎರಕದ್ದೋ, ನೀರು ಕಂಡದ್ದೋ ಇಲ್ಲವೋ ಎಂಬ ಸಾಕ್ಷ್ಯ ಶಾಶ್ವತವಾಗಿ ಅಳಿಯುತ್ತದೆ. ಆ ಸಾಕ್ಷ್ಯವನ್ನು ಸೂಕ್ಷ್ಮದರ್ಶಕದಲ್ಲಿ ಓದಲು ಉಗುರಿನಷ್ಟು ಚೂರು ಸಾಕು. ಯಾವ ಊರಿನದು, ಯಾವ ಮದುವೆಯಲ್ಲಿ ಯಾರ ತವರಿನಿಂದ ಬಂದದ್ದು, ಎಲ್ಲಿ ಕೊಂಡದ್ದು ಎಂಬ ವಿವರದ ಚೀಟಿಯೊಡನೆ ಆ ಚೂರನ್ನು ತೆಗೆದಿಡುವ ಕೆಲಸವನ್ನು ಕೊಪ್ಪಳ ಜಿಲ್ಲೆಯ ಕಾಲೇಜುಗಳ ಕನ್ನಡ ಮತ್ತು ಭೌತಶಾಸ್ತ್ರ ವಿಭಾಗಗಳು ಸೇರಿ ಮಾಡಬಹುದಾಗಿದೆ.